ಎಕಂಬಾದಲ್ಲಿ ವಯಸ್ಸು ಕೇಳಿದ ಯಂತ್ರ

ಮೈಸೂರಿನ ಸರ್ ಫೋನ್ ಮಾಡಿದಾಗ ನಾನು ಬೀದರಿನ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಒಂದು ಕೀಬೋರ್ಡನ್ನು ಬೋರಲು ಹಿಡಿದು ಬಡಿಯುತ್ತಿದ್ದೆ. ಒಳಗಿಂದ ಚುರುಮುರಿ ಉದುರುತ್ತಿತ್ತು. ಲ್ಯಾಬಿನೊಳಗೆ ತಿನ್ನಬಾರದು ಎಂದು ಗೋಡೆಗೆ ಬರೆದು ಹಚ್ಚಿದವಳು ನಾನೇ. ಅದರ ಕೆಳಗೇ ಕೂತು ತಿನ್ನುತ್ತಾರೆ.

“ನೋಡಮ್ಮ, ಆ ಕಾನೂನು ಬಂದೇಬಿಡ್ತು. ಇನ್ನು ನಾವು ಸುಮ್ನೆ ಕೂತಿರೋ ಹಾಗಿಲ್ಲ” ಎಂದರು ಸರ್.

ಯಾವ ಕಾನೂನು ಎಂದು ನಾನು ಕೇಳಲಿಲ್ಲ. ತಿಂಗಳುಗಟ್ಟಲೆ ನಮ್ಮ ಗುಂಪಿನ ಇಮೇಲುಗಳಲ್ಲಿ ಅದೊಂದೇ ಜಗಳ. ಗುಂಪು ಅಂದರೆ ದೊಡ್ಡದೇನಲ್ಲ. ಹಳೆಯ ಕಂಪ್ಯೂಟರಿನಲ್ಲೂ ಓಡುವ, ಎಲ್ಲವೂ ಕನ್ನಡದಲ್ಲೇ ಇರುವ, ಯಾರು ಬೇಕಾದರೂ ಪುಕ್ಕಟೆ ಹಾಕಿಕೊಂಡು ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದಾದ ಒಂದು ಸ್ವತಂತ್ರ ತಂತ್ರಾಂಶವನ್ನು ನಾವು ಕೆಲವರು ಸೇರಿ ನಡೆಸುತ್ತೇವೆ. ಕಂಪ್ಯೂಟರು ಶುರುವಾಗುವುದೇ ಅದರಿಂದ, ಉಳಿದದ್ದೆಲ್ಲ ಅದರ ಮೇಲೆ. ಹೆಸರು ‘ಪಡಸಾಲೆ’. ಯಾರಿಗೂ ಸಂಬಳವಿಲ್ಲ. ನಿವೃತ್ತ ಮೇಷ್ಟ್ರಾದ ಸರ್ ಇದರ ಹಿರಿಯರು, ಎಲ್ಲ ದಾಖಲೆಗಳಲ್ಲೂ ಅವರ ಹೆಸರೇ ಇದೆ. ನಾನು ನೋಡಿಕೊಳ್ಳುವುದು ನಮ್ಮ ಜಿಲ್ಲೆಯ ಮೂರು ವಾಚನಾಲಯಗಳನ್ನು. ಒಂದು ಭಾಲ್ಕಿಯಲ್ಲಿ, ನನ್ನ ತವರಿನ ಓಣಿಯ ಬುದ್ಧ ವಿಹಾರಕ್ಕೆ ಅಂಟಿದ ಕೋಣೆ. ಇನ್ನೊಂದು ಭಾತಂಬ್ರಾದಲ್ಲಿ, ಮತ್ತೊಂದು ಔರಾದ್ ತಾಲೂಕಿನ ಎಕಂಬಾದಲ್ಲಿ. ಮೂರರಲ್ಲೂ ಪಡಸಾಲೆ ಓಡುತ್ತದೆ.

ಕಾನೂನಿನ ವಿಷಯ ಹೀಗಿತ್ತು. ನಮ್ಮ ತಂತ್ರಾಂಶದ ಕಡತಗಳನ್ನು ಇಟ್ಟಿದ್ದ ಸರ್ವರ್ ಪರದೇಶದಲ್ಲಿತ್ತು. ಯಾರಾದರೂ ಕಂಪ್ಯೂಟರಿನಲ್ಲಿ ಹೊಸ ಖಾತೆ ತೆರೆದರೆ ಅವರ ವಯಸ್ಸು ಕೇಳಬೇಕು, ಇವರು ಮಗುವೋ ದೊಡ್ಡವರೋ ಎಂದು ಉಳಿದ ಆ್ಯಪುಗಳಿಗೆ ತಿಳಿಸಬೇಕು ಎಂದು ಅಲ್ಲಿಯವರು ಕಾನೂನು ಮಾಡಿದ್ದರು. ನಮ್ಮ ದೇಶದ ಕಾನೂನು ಬೇರೆ ದಾರಿಯಿಂದ ಅಲ್ಲಿಗೇ ಬರುತ್ತಿತ್ತು: ಹದಿನೆಂಟರ ಒಳಗಿನವರ ಮಾಹಿತಿ ತೆಗೆದುಕೊಳ್ಳುವುದಾದರೆ ತಂದೆತಾಯಿಯ ಒಪ್ಪಿಗೆ ಬೇಕು, ಆ ಒಪ್ಪಿಗೆ ಖಾತ್ರಿಯಾಗಿರಬೇಕು. ದೊಡ್ಡ ಕಂಪನಿಗಳಿಗೆ ಇದೇನು ಭಾರವಲ್ಲ, ಒಂದು ಮಹಡಿ ತುಂಬ ವಕೀಲರಿರುತ್ತಾರೆ. ನಮಗೆ ಮಹಡಿಯ ಮಾತು ಹಾಗಿರಲಿ, ಆಫೀಸೇ ಇಲ್ಲ.

ಗುಂಪಿನಲ್ಲಿ ಎರಡು ಬಣಗಳಾದವು. ಆ ದೇಶದವರು ಇದನ್ನು ಬಳಸಬಾರದು ಎಂದು ಒಂದು ಸಾಲು ಬರೆದು ಕೈ ತೊಳೆದುಕೊಳ್ಳೋಣ ಎಂದಿತು ಒಂದು. ಕಾನೂನು ಹೇಳಿದಂತೆ ಮಾಡಿ ತಲೆಬಿಸಿ ತಪ್ಪಿಸಿಕೊಳ್ಳೋಣ ಎಂದಿತು ಇನ್ನೊಂದು. ನಾನು ಬರೆದದ್ದು ಒಂದೇ ಮಾತು. ಹೊರಸು ಹೆಣೆಯುವವನು ಅದರ ಮೇಲೆ ಯಾರು ಮಲಗುತ್ತಾರೆ, ಅವರ ವಯಸ್ಸೆಷ್ಟು ಎಂದು ಕೇಳುತ್ತ ಕೂರುವುದಿಲ್ಲ, ನಾವೂ ಕೇಳಬಾರದು. ಬರೆದಾಗ ಆ ಮಾತು ನನಗೆ ಬಹಳ ಚೆನ್ನಾಗಿ ಕಂಡಿತ್ತು. ಅದಕ್ಕೂ ಹತ್ತಾರು ಉತ್ತರಗಳು ಬಂದವು, ಓದಿ ಓದಿ ಸಾಕಾಗಿ ಹೋಯಿತು.

ಅಷ್ಟರಲ್ಲಿ ಒಂದು ಟ್ರಸ್ಟಿನವರು ನಮ್ಮ ಮೂರೂ ವಾಚನಾಲಯಗಳಿಗೆ ಹೊಸ ಕಂಪ್ಯೂಟರು ಕೊಡುತ್ತೇವೆ ಎಂದು ಮುಂದೆ ಬಂದರು. ಭಾತಂಬ್ರಾದ ಹಳೆಯ ಯಂತ್ರದ ಗುಂಡಿ ಒತ್ತಿ, ಹೊರಗೆ ಹೋಗಿ ಚಹಾ ಕುಡಿದು ಬಂದರೂ ಅದು ಇನ್ನೂ ಕಣ್ಣು ಬಿಡುತ್ತಿರಲಿಲ್ಲ. ಟ್ರಸ್ಟಿನವರ ಷರತ್ತು ಒಂದೇ. ಮಕ್ಕಳು ಬಳಸುವ ಯಂತ್ರವಾದ್ದರಿಂದ ಪ್ರತಿಯೊಬ್ಬರ ವಯಸ್ಸನ್ನೂ ದಾಖಲೆಯಿಂದ ಖಾತ್ರಿ ಮಾಡುವ ವ್ಯವಸ್ಥೆ ತಂತ್ರಾಂಶದಲ್ಲೇ ಇರಬೇಕು. ಕೆಟ್ಟ ಉದ್ದೇಶವಿರಲಿಲ್ಲ. ನಾಳೆ ಯಾರಾದರೂ ಕೇಳಿದರೆ ತೋರಿಸಲು ಅವರಿಗೊಂದು ಆಧಾರ ಬೇಕಿತ್ತು, ಅಷ್ಟೇ. ಮೊದಲು ಹಳೆಯ ಯಂತ್ರಗಳಲ್ಲೇ ಹಾಕಿ ನೋಡುವ ಪ್ರಯೋಗಕ್ಕೆ ಸರ್ ಒಪ್ಪಿದರು. ನಾನೂ ಒಲ್ಲೆ ಎನ್ನಲಿಲ್ಲ. ಹೊಸ ಮಿಷನ್ ಯಾವಾಗ ಬರ್ತಾವ ಎಂದು ಭಾತಂಬ್ರಾದ ಮಕ್ಕಳು ಕೇಳುವಾಗ ಹೊರಸಿನ ಕಥೆ ಹೇಳಲು ಬಾಯಿ ಬರುತ್ತಿರಲಿಲ್ಲ.

ವಯಸ್ಸಿನ ಘಟಕವನ್ನು ಬರೆದುಕೊಟ್ಟವಳು ಪುಣೆಯ ಗೆಳತಿ. ನಮ್ಮಲ್ಲೆಲ್ಲ ಅತಿ ಅಚ್ಚುಕಟ್ಟಿನ ಕೈ ಅವಳದು. ಹೊಸ ಖಾತೆ ತೆರೆಯುವಾಗ, ಹಳೆಯ ಖಾತೆಯಾದರೆ ಮುಂದಿನ ಸಲ ಒಳಗೆ ಹೋಗುವಾಗ, ಗುರುತಿನ ಕಾರ್ಡಿನ ಸಂಖ್ಯೆಯನ್ನೂ ಅದರಲ್ಲಿರುವ ಜನ್ಮದಿನಾಂಕವನ್ನೂ ಕೊಡಬೇಕು. ಅವು ಹೊರಗಿನ ಒಂದು ಖಾಸಗಿ ಪರಿಶೀಲನಾ ಸೇವೆಗೆ ಹೋಗಿ, ಮಗು ಅಥವಾ ವಯಸ್ಕ ಎಂಬ ಉತ್ತರ ಬರುತ್ತದೆ. ಮಗುವಾದರೆ ತಾಯಿಯೋ ತಂದೆಯೋ ತಮ್ಮ ಕಾರ್ಡು ಕೊಟ್ಟು, ಹೆಬ್ಬೆಟ್ಟು ಒತ್ತಿ ಒಪ್ಪಿಗೆ ನೀಡುವವರೆಗೆ ಖಾತೆಗೆ ಬೀಗ. ಆ ಬೀಗವನ್ನು ವಾಚನಾಲಯ ನೋಡಿಕೊಳ್ಳುವವರಾಗಲಿ ನಾನಾಗಲಿ ತೆಗೆಯಲು ಬರಬಾರದು. ತೆಗೆಯಲು ಬಂದರೆ ಅದಕ್ಕೆ ಬೀಗ ಎಂದು ಯಾಕೆ ಕರೆಯಬೇಕು ಎಂದು ಅವಳು ಕೇಳಿದಳು. ಮಾತು ಸರಿಯಾಗಿತ್ತು, ನಾನು ಒಪ್ಪಿದೆ.

ಹೊಸ ಘಟಕವನ್ನು ಹಾಕುವ ಮೊದಲು ಮೂರೂ ಕಡೆಯ ಯಂತ್ರಗಳಿಂದ ಒಂದು ಸಣ್ಣ ತುಣುಕನ್ನು ನಕಲು ಮಾಡಿಟ್ಟೆ. ಪಡಸಾಲೆಯಲ್ಲಿ ಪ್ರತಿಯೊಬ್ಬರ ಕಡತಗಳೂ ಅವರವರ ಗುಪ್ತಪದದಿಂದ ಬೀಗ ಹಾಕಿಕೊಂಡಿರುತ್ತವೆ. ಯಾವ ಗುಪ್ತಪದಕ್ಕೆ ಯಾವ ಬೀಗ ತೆರೆಯಬೇಕು ಎಂಬ ವಿವರ ಡಿಸ್ಕಿನ ಆರಂಭದಲ್ಲಿರುವ ಒಂದು ತುಣುಕಿನಲ್ಲಿರುತ್ತದೆ. ನಾವು ಅದನ್ನು ತಲೆಭಾಗ ಎನ್ನುತ್ತೇವೆ. ಹೊಸ ಘಟಕ ಬೀಗ ಹಾಕುವಾಗ ಬದಲಿಸುವುದು ಅದನ್ನೇ, ಅದು ಕೆಟ್ಟರೆ ಉಳಿದ ಡಿಸ್ಕೆಲ್ಲ ಕಸ. ಹೀಗೆ ನಕಲು ಮಾಡಿಡುವುದು ನನ್ನ ಹಳೆಯ ರೂಢಿ. ನಕಲುಗಳಿದ್ದ ಹಾರ್ಡ್‌ಡಿಸ್ಕನ್ನು ಎಂದಿನಂತೆ ಭಾಲ್ಕಿಯ ವಾಚನಾಲಯದ ಕಪಾಟಿನಲ್ಲಿಟ್ಟೆ.

ಮೊದಲ ಪೆಟ್ಟು ಬಿದ್ದದ್ದು ಭಾತಂಬ್ರಾದಲ್ಲಿ. ಮಕ್ಕಳ ಪರವಾಗಿ ಒಪ್ಪಿಗೆ ಕೊಡಲು ತಂದೆತಾಯಿಗಳು ಹೊಲದ ಕೆಲಸ ಬಿಟ್ಟು ಬಂದು ಕೂತಿದ್ದರು. ನಾಲ್ಕೈದು ಜನರದು ಆಗುತ್ತಿದ್ದಂತೆ ಯಂತ್ರ ‘ಅನುಮಾನಾಸ್ಪದ ಜನ್ಮದಿನಾಂಕ’ ಎಂದು ಬರೆದು ಎಲ್ಲರನ್ನೂ ನಿಲ್ಲಿಸಿತು. ಒಂದೇ ಯಂತ್ರದಲ್ಲಿ ಬಹಳ ಜನ ಒಂದೇ ದಿನ ಹುಟ್ಟಿದ್ದರೆ, ಯಾರೋ ಒಬ್ಬರೇ ಕೂತು ಸುಳ್ಳು ಸುಳ್ಳೇ ತುಂಬುತ್ತಿದ್ದಾರೆ ಎಂದು ತಿಳಿಯಬೇಕು. ಪುಣೆಯ ಗೆಳತಿ ಮುಂಜಾಗ್ರತೆಗೆಂದು ಹಾಕಿದ್ದ ಸಾಲು ಅದು. ನಮ್ಮ ಕಡೆ ನನ್ನ ಓರಗೆಯವರೆಲ್ಲ ಹುಟ್ಟಿದ್ದು ಜೂನ್ ಒಂದಕ್ಕೆ. ಸಾಲೆಗೆ ಹೆಸರು ಹಚ್ಚಲು ಹೋದಾಗ ಮಾಸ್ತರರು ನಮ್ಮ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ವಯಸ್ಸಾಯಿತು, ಜೂನ್ ಒಂದು ಎಂದು ಬರೆ. ನನ್ನದೂ ಅದೇ, ನನ್ನ ಗಂಡನದೂ ಅದೇ. ಮನೆಯಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ಬಟ್ಟಲು ಪಾಯಸದಲ್ಲಿ ಮುಗಿಯುತ್ತದೆ.

ಗೆಳತಿಗೆ ಹೇಳಿದರೆ ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಳು. ಭಾತಂಬ್ರಾದಿಂದಲೇ ವಿಡಿಯೋ ಕರೆ ಮಾಡಿ, ಕೂತವರನ್ನೆಲ್ಲ ಒಬ್ಬೊಬ್ಬರಾಗಿ ತೋರಿಸಿದೆ. ಅವರೂ ಕೈ ಎತ್ತಿ ನಮಸ್ಕಾರ ಮಾಡಿದರು. ಅವಳು ಅವತ್ತೇ ಆ ಸಾಲು ತೆಗೆದಳು. ಇಂಥವು ಇನ್ನೂ ಏನೇನಿವೆ ಮೊದಲೇ ಹೇಳಿಬಿಡು ಎಂದಳು. ನನಗೆ ಗೊತ್ತಿದ್ದರೆ ತಾನೇ ಹೇಳುವುದು. ಹಣೆಗೆ ಬಡಿದಾಗಲೇ ನಮಗೂ ಗೊತ್ತಾಗುವುದು.

ಬಡಿದದ್ದು ಎಕಂಬಾದಲ್ಲಿ. ಅಲ್ಲಿಯ ವಾಚನಾಲಯ ನೋಡಿಕೊಳ್ಳುವ ಕಾಕಾ ಹಿಂದೆ ಊರೂರಿಗೆ ಅಂಚೆ ಹಂಚುತ್ತಿದ್ದವರು, ಎಂಥ ಸುದ್ದಿಯನ್ನೂ ಒಂದೇ ದನಿಯಲ್ಲಿ ಹೇಳುತ್ತಾರೆ. “ಬಾಯಿ, ಇಲ್ಲಿ ಒಬ್ಬಾಕಿ ಬಂದು ಕುಂತಾಳ್ರಿ. ಮಿಷನ್ ಆಕಿಗಿ ಸಣ್ಣ ಹುಡುಗಿ ಅನ್ಲಾಕತ್ತದ. ಆಕಿಗಿ ಐದನೇತ್ತಾ ಓದೋ ಮಗಳಿದ್ದಾಳ” ಎಂದರು ಫೋನಿನಲ್ಲಿ.

ಅವಳು ಯಾರೆಂದು ನನಗೆ ಗೊತ್ತಿತ್ತು. ಕುರಿ ಸಾಕುವ ಮನೆಯ ಸೊಸೆ. ಸಾಲೆಯ ಮೆಟ್ಟಿಲು ಹತ್ತಿದವಳಲ್ಲ, ಮಗಳು ಹುಟ್ಟಿದ ಮೇಲೆ ಮಹಿಳಾ ಸಂಘದ ಪಾಠದಲ್ಲಿ ಓದು ಕಲಿತಳು. ಪಶು ಸಖಿಯಾಗಬೇಕೆಂದು ಹಟ ಹಿಡಿದಿದ್ದಳು. ಊರಿನ ಕುರಿ ಮೇಕೆಗಳಿಗೆ ಲಸಿಕೆ, ಔಷಧಿ ಕೊಡಲು ಸಂಘದ ಹೆಣ್ಣುಮಕ್ಕಳನ್ನೇ ತಯಾರು ಮಾಡುವ ಕೆಲಸ ಅದು. ಆಯ್ಕೆಯ ಪರೀಕ್ಷೆ ಔರಾದಿನಲ್ಲಿ, ಬರುವ ವಾರ. ಅವಳಿಗೆ ಓದಲು ಬಂದರೂ ಬರೆಯುವುದು ನಿಧಾನ. ಹಾಗಾಗಿ ಪಾಠ ಓದಿದ ಮೇಲೆ ತಿಳಿದದ್ದನ್ನು ತನ್ನ ದನಿಯಲ್ಲೇ ಕಂಪ್ಯೂಟರಿನಲ್ಲಿ ರೆಕಾರ್ಡು ಮಾಡಿ ಇಟ್ಟುಕೊಳ್ಳುತ್ತಿದ್ದಳು. ಬೇಸಿಗೆಯಿಂದ ಮಾಡಿದ ಅಷ್ಟೂ ರೆಕಾರ್ಡು ಬೀಗ ಬಿದ್ದ ಖಾತೆಯೊಳಗಿದ್ದವು. ಅವು ಸಿಗದಿದ್ದರೆ ಅವಳು ಪರೀಕ್ಷೆಗೆ ಬರಿಗೈಯಲ್ಲಿ ಹೋಗಬೇಕಿತ್ತು.

ಮರುದಿನ ರಜೆ ಹಾಕಿ ಔರಾದ್ ಬಸ್ಸು ಹತ್ತಿದೆ, ಅಲ್ಲಿಂದ ಟಂಟಂ ಆಟೋ. ಸೋಯಾ ಕೊಯ್ದು ಹೊಲಗಳು ಬೋಳಾಗಿದ್ದವು, ತೊಗರಿ ಮಾತ್ರ ಹಸಿರಾಗಿ ನಿಂತಿತ್ತು. ಅವಳು ವಾಚನಾಲಯದ ಬಾಗಿಲ ಹೊರಗೆ ಕೂತು ಕದರಿನಲ್ಲಿ ಉಣ್ಣೆಯ ನೂಲು ತೆಗೆಯುತ್ತಿದ್ದಳು. ಗಂಡ ಹಿಂಡು ಹೊಡೆದುಕೊಂಡು ಕಮಲನಗರದ ಆಚೆ ಹೋಗಿದ್ದ, ಮಹಾರಾಷ್ಟ್ರದ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಲು. ಮನೆಗಿದ್ದ ಒಂದೇ ಫೋನೂ ಅವನ ಹತ್ತಿರವೇ.

ಅವಳು ತನ್ನ ಎರಡು ಕಾರ್ಡುಗಳನ್ನು ಮುಂದಿಟ್ಟಳು. ವೋಟಿನ ಚೀಟಿಯ ಪ್ರಕಾರ ನಲವತ್ತರ ಹತ್ತಿರ. ಗುರುತಿನ ಕಾರ್ಡಿನ ಪ್ರಕಾರ ಇನ್ನೂ ಹದಿನೆಂಟು ತುಂಬಿಲ್ಲ. ಯಾವುದೋ ಶಿಬಿರದಲ್ಲಿ, ಗದ್ದಲದಲ್ಲಿ, ಬರೆದುಕೊಂಡವನು ಹುಟ್ಟಿದ ಇಸವಿಯ ಅಂಕಿಗಳನ್ನು ತಪ್ಪು ಒತ್ತಿದ್ದ. ಇಷ್ಟು ವರ್ಷ ಯಾರೂ ಅದನ್ನು ಓದಿ ನೋಡಿರಲಿಲ್ಲ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಕೇಳುತ್ತಾರೆ, ಮುಖ ನೋಡುತ್ತಾರೆ, ಇಸವಿ ಯಾರಿಗೆ ಬೇಕು? ಮೊದಲ ಸಲ ಅದನ್ನು ಓದಿದ್ದು ನಮ್ಮ ಘಟಕ. ಅದು ವೋಟಿನ ಚೀಟಿಯನ್ನು ಒಪ್ಪುವುದಿಲ್ಲ.

ಅವಳ ತಂದೆತಾಯಿ ತೀರಿಕೊಂಡು ವರ್ಷಗಳಾಗಿದ್ದವು, ಕಾಕಾ ತಡಮಾಡದೆ ಅವಳ ಅತ್ತೆಯನ್ನು ಕರೆಸಿದರು. ಒಪ್ಪಿಗೆ ಕೊಡುವವರ ಪಟ್ಟಿಯಲ್ಲಿ ‘ತಾಯಿ’ ಇತ್ತು, ‘ತಂದೆ’ ಇತ್ತು, ‘ಅತ್ತೆ’ ಇರಲಿಲ್ಲ. ಅತ್ತೆ ಅಂದ್ರೂ ತಾಯಿನೇ ಅಲ್ಲೇನ್ರಿ ಎಂದು ಕಾಕಾ ‘ತಾಯಿ’ ಒತ್ತಲು ಹೋದರು, ನಾನು ತಡೆದೆ. ಇನ್ನೊಂದು ಸುಳ್ಳು ಸೇರಿಸಿದರೆ ಮುಂದೆ ಬಿಡಿಸುವವರು ಯಾರು? ಅಷ್ಟರಲ್ಲಿ ಮಗಳ ಖಾತೆಯೂ ಮುಚ್ಚಿಕೊಂಡದ್ದು ಕಂಡಿತು. ಆ ಖಾತೆಗೆ ಒಪ್ಪಿಗೆ ಕೊಡಬೇಕಾದ ತಾಯಿಯೇ ಯಂತ್ರದ ಕಣ್ಣಿಗೆ ಮಗು. ಒಪ್ಪಿಗೆ ಕೊಡುವವಳಿಗೇ ಒಪ್ಪಿಗೆ ಕೊಡುವವರು ಬೇಕಾಗಿತ್ತು. ಅತ್ತೆ ಇದೆಲ್ಲ ಕೇಳಿ, ಬಾಯಿಗೆ ಸೆರಗು ಹಿಡಿದು ನಕ್ಕು, ಒಲೆಯ ಮೇಲೆ ಅನ್ನವಿದೆ ಎಂದು ಹೋಗಿಬಿಟ್ಟಳು. ನನಗೆ ನಗು ಬರಲಿಲ್ಲ.

ಕಾರ್ಡು ತಿದ್ದಿಸಿದರೆ ಎಲ್ಲವೂ ಸರಿಯಾಗುತ್ತದೆ ಎಂದು ಇಬ್ಬರೂ ಔರಾದಿಗೆ ಹೋದೆವು. ತಿದ್ದುಪಡಿ ಕೇಂದ್ರದಲ್ಲಿದ್ದವನು ಒಳ್ಳೆಯ ಮನುಷ್ಯ, ಕೂರಿಸಿ ಮಾತಾಡಿದ. ಸಾಲೆಯ ದಾಖಲೆ ಇದೆಯೇ? ಇಲ್ಲ. ಜನನ ಪ್ರಮಾಣಪತ್ರ? ಹೊಲದ ಬದುವಿನಲ್ಲಿ ಹುಟ್ಟಿದವಳಿಗೆ ಅದೆಲ್ಲಿಂದ ಬರಬೇಕು? ಹಾಗಾದರೆ ತಹಶೀಲ್ದಾರರ ಕಡೆಯಿಂದ ಆದೇಶ ತನ್ನಿ, ಕಳಿಸುತ್ತೇನೆ, ಆದರೆ ತಿದ್ದಿದ ಕಾರ್ಡು ಬರುವುದು ಯಾವಾಗಲೋ ಹೇಳಲಾರೆ ಎಂದ. ಹೊರಗೆ ಬಂದು ಪರಿಶೀಲನಾ ಸೇವೆಯವರಿಗೆ ಇಮೇಲ್ ಬರೆದೆ. ನಿಮ್ಮ ದೂರು ನಮಗೆ ಮುಖ್ಯ ಎಂದು ಯಂತ್ರವೇ ಉತ್ತರ ಕೊಟ್ಟಿತು. ಪುಣೆಯ ಗೆಳತಿಗೆ ಫೋನ್ ಮಾಡಿದೆ. ಅವಳ ದನಿ ಸಣ್ಣದಾಗಿತ್ತು. ತೆರೆಯಲು ಬರಬಾರದೆಂದೇ ಮಾಡಿದ್ದಲ್ಲವೇ, ಈಗ ನಾನೇ ಕೂತರೂ ಬರುವುದಿಲ್ಲ ಎಂದಳು.

ಔರಾದಿನ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಬಹಳ ಹೊತ್ತು ಯೋಚಿಸಿದೆ. ಪಕ್ಕದಲ್ಲಿ ಅವಳು ಬಾಳೆಹಣ್ಣು ಸುಲಿದು ನನಗೊಂದು ಕೊಟ್ಟಳು. ದಾರಿ ಒಂದೇ ಇತ್ತು. ಎಕಂಬಾದ ಯಂತ್ರದಿಂದ ವಯಸ್ಸಿನ ಘಟಕವನ್ನು ಕಿತ್ತುಹಾಕಿ, ಭಾಲ್ಕಿಯಲ್ಲಿರುವ ಹಳೆಯ ತಲೆಭಾಗವನ್ನು ತಂದು ಕೂರಿಸುವುದು. ಆಗ ಅವಳ ಹಳೆಯ ಗುಪ್ತಪದಕ್ಕೆ ಬೀಗ ತೆರೆಯಬಹುದು. ಹಾಗೆ ಮಾಡಿದರೆ ಟ್ರಸ್ಟಿನ ಜೊತೆಗಿನ ಒಪ್ಪಂದ ಮುರಿದಂತೆ. ಹೊಸ ಯಂತ್ರಗಳು ಮೂರೂ ಊರುಗಳಿಗೆ ಇಲ್ಲ. ಮಾಡದಿದ್ದರೆ ಇವಳ ಪರೀಕ್ಷೆ ಇಲ್ಲ. ಸರ್‌ಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ.

ಅವರು ಎಲ್ಲವನ್ನೂ ನನ್ನಿಂದ ಇನ್ನೊಮ್ಮೆ ಹೇಳಿಸಿದರು. ಆಮೇಲೆ, “ನಂಗೆ ಈ ವಯಸ್ಸಲ್ಲಿ ಕೋರ್ಟು ಕಚೇರಿ ಅಲೆಯೋ ಶಕ್ತಿ ಇಲ್ಲಮ್ಮ. ಮಾಡು ಅಂತ ಹೇಳಲಾರೆ. ಬೇಡ ಅನ್ನೋದಕ್ಕೂ ಮನಸ್ಸು ಬರ್ತಿಲ್ಲ” ಎಂದರು.

“ನಾನು ಮಾಡ್ತೇನಿ ಸರ್. ಟ್ರಸ್ಟಿನವರಿಗೂ ನಾನೇ ಹೇಳ್ತೇನಿ” ಎಂದೆ. ಫೋನ್ ಇಟ್ಟ ಮೇಲೆ ಭಾತಂಬ್ರಾದ ಮಕ್ಕಳ ಮುಖ ನೆನಪಾಯಿತು.

ಭಾಲ್ಕಿಯಿಂದ ಹಾರ್ಡ್‌ಡಿಸ್ಕು ತಂದು, ಮರುದಿನ ಬೆಳಗ್ಗೆ ಎಕಂಬಾದಲ್ಲಿ ಕೂತೆ. ತಲೆಭಾಗ ಕೂರಿಸುವುದು ಎಂದರೆ ನೇರ ಡಿಸ್ಕಿನ ಮೇಲೆ ಬರೆಯುವುದು. ಒಂದು ಯಂತ್ರದ್ದನ್ನು ಇನ್ನೊಂದಕ್ಕೆ ಬರೆದರೆ ಅವಳ ದನಿ ಶಾಶ್ವತವಾಗಿ ಹೋಯಿತು, ದೇವರು ಬಂದರೂ ಬರುವುದಿಲ್ಲ. ಎಕಂಬಾದಲ್ಲಿ ಒಂದೇ ತರಹದ ಎರಡು ಯಂತ್ರಗಳಿದ್ದವು. ನಾನು ಪೆನ್ನಿನಿಂದ ಬರೆದು ಅಂಟಿಸಿದ್ದ ಚೀಟಿಗಳು ಯಾವಾಗಲೋ ಬಿದ್ದು ಹೋಗಿದ್ದವು. ಆದ್ದರಿಂದ ಅಡ್ಡದಾರಿ ಬೇಡ ಎಂದು ಮೊದಲು ಇಡೀ ಡಿಸ್ಕನ್ನೇ ಇನ್ನೊಂದಕ್ಕೆ ನಕಲು ಮಾಡಲು ಹಚ್ಚಿದೆ. ಪ್ರಯೋಗವನ್ನೆಲ್ಲ ನಕಲಿನ ಮೇಲೆ ಮಾಡುವುದು, ಅಸಲಿಗೆ ಕೈ ಹಚ್ಚುವುದಿಲ್ಲ. ನಕಲು ಅರ್ಧ ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ವಾಚನಾಲಯದ ಬ್ಯಾಟರಿ ಹಳೆಯದು, ಒಂದು ಸಲ ಕೂಗಿ ಸತ್ತಿತು. ಕಾಕಾ ಮನೆಗೆ ಹೋಗಿ ತಮ್ಮ ಇನ್ವರ್ಟರನ್ನು ಕೈಗಾಡಿಯಲ್ಲಿ ಹೇರಿಕೊಂಡು ಬಂದರು. ಅವರ ಮನೆಯವರು ಅವತ್ತು ಫ್ಯಾನಿಲ್ಲದೆ ಕೂತರು. ನಾನು ಮತ್ತೆ ಮೊದಲಿಂದ ನಕಲು ಶುರು ಮಾಡಿದೆ.

ಕಾಯುವುದಲ್ಲದೆ ಬೇರೆ ಕೆಲಸವಿರಲಿಲ್ಲ. ಅವಳು ನನ್ನ ಎದುರು ಕೂತು ಕದರು ತಿರುಗಿಸುತ್ತಿದ್ದಳು. ಈ ಎಲ್ಲ ಪರೇಶಾನಿ ಯಾಕೆ ಎಂದು ಕೇಳಿದಳು. ಸಣ್ಣ ಮಕ್ಕಳು ನೋಡಬಾರದ್ದನ್ನು ನೋಡಬಾರದು, ಅವರ ಮಾಹಿತಿ ಯಾರೂ ಕದಿಯಬಾರದು ಎಂದು ಸರಕಾರಗಳು ಕಾನೂನು ಮಾಡಿವೆ, ಅದಕ್ಕೇ ಎಲ್ಲರ ವಯಸ್ಸು ಕೇಳುತ್ತಾರೆ ಎಂದೆ. ನನ್ನ ದನಿಯಲ್ಲಿ ವ್ಯಂಗ್ಯವಿತ್ತು. ಅವಳು ನನ್ನ ಜೊತೆ ಸೇರಿ ಬಯ್ಯುತ್ತಾಳೆ ಎಂದುಕೊಂಡಿದ್ದೆ.

“ಅದು ಚಲೋನೇ ಅದ ಅಲ್ಲರಿ ಅಕ್ಕಾ” ಎಂದಳು. ಕದರು ನಿಂತಿತ್ತು. “ನನ್ನ ಲಗ್ನದಾಗ ಹುಡುಗಿಗಿ ಹದಿನೆಂಟು ಆಗ್ಯಾವಂತ ನಮ್ಮಪ್ಪ ಹೇಳ್ದ, ಊರ ಹಿರೇರೂ ಹೌದಂದ್ರು. ಆಗ ನಾ ಇನ್ನಾ ದೊಡ್ಡಾಕಿ ಆಗಿದ್ದಿಲ್ರಿ. ಆವತ್ತು ಒಬ್ಬರರ ಕಾರ್ಡ್ ಕೇಳಿದ್ರ, ನಾ ಇವತ್ತ ಎಲ್ಲಿರ್ತಿದ್ದೆನೋ.”

ಅವಳು ಅಳಲಿಲ್ಲ, ನೂಲಿನ ಎಳೆ ತುಂಡಾದದ್ದನ್ನು ಉಗುಳು ಹಚ್ಚಿ ಹೊಸೆದು ಮತ್ತೆ ತಿರುಗಿಸತೊಡಗಿದಳು. ಮಗುವಾಗಿದ್ದಾಗ ಊರೆಲ್ಲ ಸೇರಿ ಅವಳನ್ನು ದೊಡ್ಡವಳು ಎಂದಿತ್ತು. ದೊಡ್ಡವಳಾಗಿ ಮಗಳನ್ನು ಹೆತ್ತ ಮೇಲೆ ನಮ್ಮ ಯಂತ್ರ ಅವಳನ್ನು ಮಗು ಎಂದಿತು. ಎರಡೂ ಸಲ ಅವಳನ್ನು ಯಾರೂ ಕೇಳಲಿಲ್ಲ. ನನ್ನ ಹೊರಸಿನ ಮಾತು ನೆನಪಾಗಿ ನಾಚಿಕೆಯಾಯಿತು. ಹೊರಸು ಹೆಣೆಯುವವನೂ ಕೆಲವು ಸಲ ತಲೆ ಎತ್ತಿ ನೋಡಬೇಕಿತ್ತು ಅನ್ನಿಸಿತು.

ನಕಲು ಮುಗಿಯಿತು. ಡಿಸ್ಕಿನ ಗುರುತಿನ ಸಂಖ್ಯೆಯನ್ನೂ ಹಳೆಯ ತಲೆಭಾಗದ ಸಂಖ್ಯೆಯನ್ನೂ ಕಾಕಾ ಅವರಿಂದ ಜೋರಾಗಿ ಓದಿಸಿ, ಒಂದೊಂದೇ ಅಕ್ಷರ ತಾಳೆ ನೋಡಿದೆ. ಮೊದಲು ತೆಗೆದದ್ದು ಪಕ್ಕದ ಯಂತ್ರದ್ದು, ಹೊಂದಲಿಲ್ಲ. ಎರಡನೆಯದು ಹೊಂದಿತು. ನಕಲಿನ ಮೇಲೆ ಬರೆದು, ಎದ್ದು ಅವಳಿಗೆ ಕುರ್ಚಿ ಬಿಟ್ಟುಕೊಟ್ಟೆ. ಅವಳು ಒಂದೇ ಬೆರಳಿನಿಂದ ಗುಪ್ತಪದ ಒತ್ತಿದಳು. ತಪ್ಪು ಎಂದಿತು. ನಾನು ಗಡಬಡಿಸಿ ಸಂಖ್ಯೆಗಳನ್ನು ಮತ್ತೆ ತಾಳೆ ನೋಡತೊಡಗಿದೆ. ಗಾಬರಿ ಆಗಬ್ಯಾಡ್ರಿ, ನಾನೇ ತಪ್ಪು ಒತ್ತೇನಿ ಎಂದು ಅವಳೇ ನನಗೆ ಸಮಾಧಾನ ಹೇಳಿ ಮತ್ತೊಮ್ಮೆ ಒತ್ತಿದಳು. ತೆರೆಯಿತು.

ಅವಳದೇ ದನಿ ಸ್ಪೀಕರಿನಿಂದ ಬಂತು. ಹಿರೇಬ್ಯಾನಿ ಬಂದ ಕುರಿಗೆ ಮೊದಲು ಜ್ವರ, ಆಮೇಲೆ ಮೂಗು ಕಣ್ಣಿನಿಂದ ನೀರು, ಬಾಯಿಯೊಳಗೆ ಹುಣ್ಣು, ಅಂಥದ್ದನ್ನು ಹಿಂಡಿನಿಂದ ಬೇರೆ ಕಟ್ಟಬೇಕು. ಹಿಂದೆ ಎಲ್ಲೋ ಮಗಳು ಅವ್ವಾ ಹಸಿವು ಎಂದು ಕೂಗುವುದೂ ಕೇಳಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಮುಂದಿನದು ಹಚ್ಚಿರಿ ಎಂದಳು. ಪರೀಕ್ಷೆಯ ಹಿಂದಿನ ದಿನದವರೆಗೂ ಅಲ್ಲೇ ಕೂತು ಕೇಳಿದಳಂತೆ. ಔರಾದಿನಲ್ಲಿ ಆಯ್ಕೆ ಮಾಡುವವರು ವೋಟಿನ ಚೀಟಿ ನೋಡಿ, ಸಂಘದವರ ಮಾತು ಕೇಳಿ ಒಪ್ಪಿಕೊಂಡರು. ಅವಳು ಈಗ ಎಕಂಬಾದ ಪಶು ಸಖಿ.

ಟ್ರಸ್ಟಿಗೆ ನಾನೇ ಪತ್ರ ಬರೆದೆ, ಏನನ್ನೂ ಮುಚ್ಚಿಡಲಿಲ್ಲ. ಅವರು ಮರ್ಯಾದೆಯಿಂದಲೇ ಉತ್ತರಿಸಿ, ಹೊಸ ಯಂತ್ರಗಳನ್ನು ಬೇರೆ ತಾಲೂಕಿಗೆ ಕೊಟ್ಟರು. ಭಾತಂಬ್ರಾದಲ್ಲಿ ಈಗಲೂ ಗುಂಡಿ ಒತ್ತಿ ಚಹಾ ಕುಡಿದು ಬರಬೇಕು. ಅಲ್ಲಿಯ ಹುಡುಗಿಯೊಬ್ಬಳು ಕುರಿಯವರಿಗಾಗಿ ನಮ್ಮ ಮಿಷನ್ ಕಳೆದಿರಿ ಎಂದು ನೇರವಾಗಿ ಅಂದಳು.

ಗುಂಪಿನ ಇಮೇಲುಗಳು ಮತ್ತೆ ಶುರುವಾದವು. ಈ ಸಲ ನಾನು ಹೋಲಿಕೆ ಬರೆಯದೆ ನಡೆದದ್ದನ್ನು ಬರೆದೆ. ವಯಸ್ಸು ಕೇಳಲೇಬಾರದು ಎಂಬ ನನ್ನ ಹಟ ಬಿಡುತ್ತೇನೆ, ಆದರೆ ಕಾರ್ಡು ಕೇಳುವುದನ್ನು ನಾವು ಬಿಡಬೇಕು ಎಂದೆ. ಮನುಷ್ಯರನ್ನೇ ಕೇಳೋಣ. ಅವರು ಹೇಳಿದ ಉತ್ತರ ಆ ಯಂತ್ರದಲ್ಲೇ ಉಳಿಯಲಿ, ಹೊರಗೆ ಹೋಗುವುದು ಬೇಡ. ಮಗುವಾದರೆ, ಆ ಮಗುವಿನ ಮುಖ ಬಲ್ಲವರು, ತಾಯಿಯೋ ವಾಚನಾಲಯದವರೋ, ಪಕ್ಕದಲ್ಲಿ ಕೂತು ಏನು ತೆರೆಯಬೇಕು ಏನು ಬೇಡ ಎಂದು ನಿರ್ಧರಿಸಲಿ. ತಪ್ಪಾದರೆ ಅಲ್ಲಿಯೇ ತಿದ್ದಲು ಬರಬೇಕು. ಕಾನೂನು ಮಾಡುವವರಿಗೂ ಇದನ್ನೇ ಬರೆಯೋಣ, ಅವರು ಓದಲಿ ಬಿಡಲಿ. ಇದು ಸಾಕಾಗುತ್ತದೆಯೇ ಎಂದು ನಮಗೆ ಪುಕ್ಕಟೆ ಸಲಹೆ ಕೊಡುವ ವಕೀಲರನ್ನು ಕೇಳಿದರೆ, ಸಾಕಾಗುತ್ತದೆ ಎಂದು ಬರೆದು ಕೊಡಲಾರೆ, ಆದರೆ ನಿಮ್ಮ ಜಾಗದಲ್ಲಿದ್ದರೆ ನಾನೂ ಹೀಗೇ ಮಾಡುತ್ತಿದ್ದೆ ಎಂದರು. ಇಬ್ಬರು ಗುಂಪು ಬಿಟ್ಟು ಹೋದರು. ಪರದೇಶದ ಸರ್ವರ್‌ನಲ್ಲಿದ್ದ ಕಡತಗಳನ್ನು ಬೇರೆ ಕಡೆ ಸಾಗಿಸುವುದರಲ್ಲಿ ನನ್ನ ದೀಪಾವಳಿ ರಜೆ ಮುಗಿಯಿತು. ಪುಣೆಯ ಗೆಳತಿ ತಾನು ಬರೆದ ಘಟಕವನ್ನು ತಾನೇ ಕೂತು ಬಿಚ್ಚಿ, ಹೊಸದಾಗಿ ಬರೆದಳು. ಸರ್ ಒಂದೇ ಸಾಲಿನ ಉತ್ತರ ಕಳಿಸಿದ್ದರು, ನನ್ನ ಹೆಸರಿರಲಿ, ಮುಂದುವರಿಸಿ ಎಂದು.

ಹೊಸ ಆವೃತ್ತಿಯನ್ನು ಎಕಂಬಾದಲ್ಲಿ ಹಾಕಲು ಹೋದ ದಿನ ಅವಳು ಔಷಧಿಯ ಚೀಲ ಹೆಗಲಿಗೆ ಹಾಕಿಕೊಂಡು, ಮಗಳ ಕೈ ಹಿಡಿದು ಬಂದಳು. ನಿಲ್ಲಲು ಪುರಸತ್ತಿಲ್ಲ, ಮೂರು ಹಿಂಡಿಗೆ ಲಸಿಕೆ ಹಾಕುವುದಿದೆ ಎಂದಳು. ಪರದೆಯ ಮೇಲೆ ಪ್ರಶ್ನೆ ಬಂದಿತ್ತು: ನಿಮಗೆ ಹದಿನೆಂಟು ತುಂಬಿದೆಯೇ? ನಾನು ಓದಿ ಹೇಳಿದೆ. ಅವಳು ನಕ್ಕು, “ನಂದು ಏನರ ಹಾಕ್ರಿ ಅಕ್ಕಾ” ಎಂದಳು. ನಾನು ಹೌದು ಎಂದು ಒತ್ತಿದೆ.

ಆಮೇಲೆ ಮಗಳ ಖಾತೆ. ಅದೇ ಪ್ರಶ್ನೆ ಬಂತು. ಅವಳು ನಗು ನಿಲ್ಲಿಸಿ ಕುರ್ಚಿಯ ಪಕ್ಕಕ್ಕೆ ಬಂದು ಬಗ್ಗಿದಳು, ಚೀಲ ಕೆಳಗಿಟ್ಟಳು.

“ಈಕಿದು ಖರೇ ಹಾಕ್ರಿ. ದವಾಖಾನ್ಯಾಗ ಹುಟ್ಟ್ಯಾಳ, ತಾರೀಖ ನನಗ ಬಾಯಿಪಾಠ ಅದ. ಸಣ್ಣಾಕಿ ಅಂತ ಬರೀರಿ, ಯಾರರ ಬಂದು ದೊಡ್ಡಾಕಿ ಮಾಡ್ರಿ ಅಂದ್ರ ಮಾಡಬ್ಯಾಡ್ರಿ.”

ನಾನು ಒತ್ತಲು ಹೋದೆ. ಅವಳು ನನ್ನ ಕೈ ಹಿಡಿದು ಪಕ್ಕಕ್ಕೆ ಸರಿಸಿ, ಪರದೆಯ ಮೇಲಿನ ಸಾಲನ್ನು ಬೆರಳಿಟ್ಟು ತಾನೇ ಇನ್ನೊಮ್ಮೆ ಓದಿ, ‘ಇಲ್ಲ’ ಎಂಬುದನ್ನು ತಾನೇ ಒತ್ತಿದಳು.